ಒಂದೇ ಅಚ್ಚಿನ ನಾಣ್ಯ ಗುರುತಿಸೋದು ಹೇಗೆ? ರೋಮನ್ ಆಳ್ವಿಕೆ ಕಾಲದ ಗ್ರೀಕ್ ಕಂಚಿನ ನಾಣ್ಯಗಳಿಗೆ ಹಂತ ಹಂತದ ಮಾರ್ಗದರ್ಶಿ

ಅಚ್ಚು ಅಂದ್ರೆ ನಾಣ್ಯ ಹೊಡೆಯೋಕೆ ಚಿತ್ರ ಕೆತ್ತಿದ ಲೋಹದ ಉಪಕರಣ, ಯಾವ್ಯಾವ ನಾಣ್ಯ ಒಂದೇ ಅಚ್ಚಿಂದ ಬಂತು ಅಂತ ಹುಡುಕೋದೇ ಅಚ್ಚು ಅಧ್ಯಯನ. ಅದನ್ನ ಶುರು ಮಾಡಿದೀವಿ, ಸ್ವಲ್ಪ ನೋಡಿ ಅಂತ ಈಚೆಗೆ ಕೆಲವರು ತಮ್ಮ ಶೀಟ್ ಕಳಿಸಿದ್ರು, ತೆಗೆದು ನೋಡಿದ್ರೆ ಎಲ್ರೂ ಮುಗ್ಗರಿಸಿರೋದು ಒಂದೇ ಜಾಗದಲ್ಲಿ. ಹಿಂಬದೀಲಿ ಯಾವ ದೇವರು ಅಂತ ನೋಡಿ ಹರ್ಮಿಸ್‌ಗೆ ಒಂದು ಫೋಲ್ಡರು, ಹೇರಾಗೆ ಒಂದು, ಹಾವಿಗೆ ಒಂದು ಅಂತ ಮೊದ್ಲೇ ಹಂಚಿಬಿಟ್ಟು ಆಮೇಲೆ ಆಯಾ ಫೋಲ್ಡರಿನ ಒಳಗಡೆ ಅಚ್ಚು ಹುಡುಕ್ತಾ ಕೂತಿದಾರೆ. ಹಂಗೆ ಮಾಡಿದ್ರೆ ಒಂದೇ ಅಚ್ಚಿನಿಂದ ನಾಣ್ಯ ನಾಣ್ಯಕ್ಕೆ ಬೀಳೋ ಕೊಂಡಿ ಸಿಗೋದೇ ಇಲ್ಲ, ಯಾಕಂದ್ರೆ ಹರ್ಮಿಸ್ ನಾಣ್ಯದ ಮುಂಬದಿ ಅಚ್ಚೇ ಹೇರಾ ನಾಣ್ಯದ್ದೂ ಆಗಿರತ್ತೆ, ನೀವು ಅವೆರಡನ್ನ ಪಕ್ಕ ಪಕ್ಕ ಇಟ್ಟೇ ಇರಲ್ಲ.

ಕಾರಣ ಇಷ್ಟೇ. ಕೆಳಗಿನ ಅಚ್ಚು ಅಡಿಗಲ್ಲಲ್ಲಿ ಗಟ್ಟಿಯಾಗಿ ಕೂತಿರತ್ತೆ, ಸಾಮಾನ್ಯವಾಗಿ ಚಕ್ರವರ್ತಿ ಮುಖ ಇರೋದು ಅದ್ರಲ್ಲಿ. ಅದರ ಮೇಲೆ ಬಿಲ್ಲೆ, ಅಂದ್ರೆ ಇನ್ನೂ ಚಿತ್ರ ಬೀಳದ ಲೋಹದ ತುಂಡು ಇಟ್ಟು, ಮೇಲಿನ ಅಚ್ಚನ್ನ ಕೈಲಿ ಹಿಡಿದು ಸುತ್ತಿಗೇಲಿ ಬಡೀತಾರೆ, ದೇವರು ಇರೋದು ಅದ್ರಲ್ಲಿ. ಏಟು ತಿನ್ನೋದು ಬೇಗ ಒಡೆಯತ್ತೆ, ಇನ್ನೊಂದು ತರ್ತಾರೆ, ಕೆಳಗಿಂದು ಹಂಗೇ ಕೆಲ್ಸ ಮಾಡ್ತಾ ಇರತ್ತೆ. ಹಾಗಾಗಿ ಒಂದು ಮುಖದ ಅಚ್ಚಿಗೆ ನಾಲ್ಕೈದು ದೇವರು ಜೋಡಿ ಆಗಿರೋದು ಮಾಮೂಲಿ. ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ: ಮುಂಬದಿ ವಿಂಗಡಣೆ ಮುಗಿಯೋವರೆಗೂ ಹಿಂಬದಿ ಮುಟ್ಟಬಾರದು.

ಅಭ್ಯಾಸಕ್ಕೆ ನಾನು ಹೇಳೋದು ಮಾರ್ಸಿಯಾನೋಪೊಲಿಸ್ ಊರಿನ ನಾಣ್ಯ. ಈಗಿನ ಬಲ್ಗೇರಿಯಾದ ದೆವ್ನ್ಯಾ. ಚಕ್ರವರ್ತಿ ಮ್ಯಾಕ್ರಿನಸ್, ಅವನ ಮಗ ಡಯಾಡುಮೇನಿಯನ್, ಇಬ್ಬರ ಮುಖ ಎದುರು ಬದುರು ಇರೋ ದೊಡ್ಡ ಕಂಚಿನ ನಾಣ್ಯ, ಸುಮಾರು 26-28 ಮಿಲಿಮೀಟರ್ ಅಗಲ. ಹಿಂಬದೀಲಿ ಗವರ್ನರ್ ಪೊಂಟಿಯಾನಸ್ ಹೆಸರು, ಜೊತೆಗೆ ಐದು ಅಸಾರಿಯಾ (ಆಗಿನ ಚಿಲ್ಲರೆ ಕಾಸಿನ ಲೆಕ್ಕ) ಬೆಲೆ ಅಂತ ತೋರ್ಸೋಕೆ ಗ್ರೀಕರು ಐದಕ್ಕೆ ಬರೀತಿದ್ದ ಎಪ್ಸಿಲಾನ್ (E) ಅಕ್ಷರ. ಮ್ಯಾಕ್ರಿನಸ್ ಆಳಿದ್ದು 217ರ ಏಪ್ರಿಲ್‌ನಿಂದ 218ರ ಜೂನ್‌ವರೆಗೆ, ಬರೀ 14 ತಿಂಗಳು, ಆದ್ರೂ ನಾಣ್ಯ ಮಾತ್ರ ಇವತ್ತಿಗೂ ಧಾರಾಳವಾಗಿ ಸಿಗ್ತವೆ. ಕಮ್ಮಿ ಕಾಲ, ತುಂಬಾ ನಾಣ್ಯ, ಒಂದೇ ಬದಿಗೆ ಎರಡು ಮುಖ, ಕಲಿಯೋರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕಾ.

ಏನೇನು ಬೇಕು

ನಾಣ್ಯ ನಿಮ್ಮ ಕೈಲಿ ಇರಲೇಬೇಕು ಅಂತೇನಿಲ್ಲ, ಫೋಟೋ ಸಾಕು. ಕನಿಷ್ಠ 50-60 ಬೇರೆ ಬೇರೆ ನಾಣ್ಯದ ಫೋಟೋ, ಎರಡೂ ಬದಿ. ಮ್ಯೂಸಿಯಂಗಳ ಆನ್‌ಲೈನ್ ಸಂಗ್ರಹ, ಹರಾಜುಗಳ ಹಳೆ ದಾಖಲೆ, ರೋಮನ್ ಪ್ರಾಂತ್ಯಗಳ ನಾಣ್ಯಕ್ಕೇ ಇರೋ ವೆಬ್ ತಾಣ ಆರ್‌ಪಿಸಿ ಆನ್‌ಲೈನ್, ಇವೆಲ್ಲದ್ರಿಂದ ಸೇರಿಸಿ. ಬರ್ಲಿನ್ ಕಡೆಯವರ ಕಾರ್ಪಸ್ ನುಮ್ಮೋರಮ್ ಅನ್ನೋ ತಾಣದಲ್ಲಿ ಥ್ರೇಸ್ ಮತ್ತು ಕೆಳ ಮೊಯೇಸಿಯಾ (ಮಾರ್ಸಿಯಾನೋಪೊಲಿಸ್ ಇದ್ದ ಪ್ರಾಂತ್ಯ) ಕಡೆಯ ನಾಣ್ಯಗಳಿಗೆ ಅಚ್ಚಿನ ಮಟ್ಟದ ದಾಖಲೆ ಕೂಡ ಇದೆ, ಆದ್ರೆ ಅದನ್ನ ಕೊನೇಲಿ ತೆಗೀರಿ, ಮೊದ್ಲೇ ನೋಡಿದ್ರೆ ಉತ್ತರ ನೋಡ್ಕೊಂಡು ಲೆಕ್ಕ ಮಾಡಿದ ಹಾಗೆ.

ನಾಣ್ಯ ಕೈಲಿದ್ರೆ 0.01 ಗ್ರಾಂ ತೋರ್ಸೋ ತಕ್ಕಡಿ, ಅಗಲ ಅಳೆಯೋ ವರ್ನಿಯರ್ ಕ್ಯಾಲಿಪರ್, ಕುತ್ತಿಗೆ ಬಗ್ಗಿಸೋಕಾಗೋ ಟೇಬಲ್ ಲ್ಯಾಂಪ್. ಇಲ್ದಿದ್ರೆ ಒಂದು ಪ್ರಿಂಟರು, ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಸಣ್ಣ ಮೊನೆಯ ಮಾರ್ಕರ್, ಒಂದು ಸ್ಕೇಲು. ಕಂಪ್ಯೂಟರಲ್ಲೇ ಮಾಡೋದಾದ್ರೆ ಲೇಯರ್ ಇರೋ ಯಾವ್ದಾದ್ರೂ ಫೋಟೋ ಸಾಫ್ಟ್‌ವೇರ್, ಗಿಂಪ್ ಫ್ರೀ ಆಗಿ ಸಿಗತ್ತೆ, ಸಾಕು.

ಹಂತ 1: ನಂಬರ್ ಕೊಡಿ, ಡಬಲ್ ತೆಗೀರಿ

ಪ್ರತಿ ನಾಣ್ಯಕ್ಕೂ ಒಂದು ನಂಬರ್, ಒಂದು ಸಾಲು. ಸಾಲಲ್ಲಿ ತೂಕ, ಅಗಲ, ಎಲ್ಲಿಂದ ಸಿಕ್ತು, ಯಾವ ತಾರೀಖಿನ ಹರಾಜು, ಆಮೇಲೆ ಅಚ್ಚಿನ ದಿಕ್ಕು. ದಿಕ್ಕು ಅಂದ್ರೆ ಮುಂಬದಿ ನೆಟ್ಟಗೆ ಹಿಡಿದು ಪುಸ್ತಕದ ಹಾಳೆ ತಿರುವಿದ ಹಾಗೆ ತಿರುಗಿಸಿದ್ರೆ ಹಿಂಬದಿ ತಲೆ ಗಡಿಯಾರದ ಎಷ್ಟು ಗಂಟೆ ಕಡೆ ಇದೆ ಅಂತ. 12 ಅಂದ್ರೆ ಎರಡೂ ನೆಟ್ಟಗೆ, 6 ಅಂದ್ರೆ ತಲೆಕೆಳಗು. ಫೋಟೋದಲ್ಲಿ ಇದು ಗೊತ್ತಾಗಲ್ಲ, ಫೋಟೋ ತೆಗೆದವರು ಎರಡೂ ಬದಿ ನೆಟ್ಟಗೆ ಮಾಡೇ ತೋರ್ಸಿರ್ತಾರೆ, ವಿವರಣೇಲಿ ಬರೆದಿದ್ರೆ ಮಾತ್ರ ತುಂಬಿ, ಇಲ್ದಿದ್ರೆ ಖಾಲಿ ಬಿಡಿ.

ಈಗ ಡಬಲ್. ಒಂದೇ ನಾಣ್ಯ ಹತ್ತು ವರ್ಷದಲ್ಲಿ ಮೂರು ಕಡೆ ಮಾರಾಟ ಆಗಿರತ್ತೆ, ಮಧ್ಯದಲ್ಲಿ ಯಾರೋ ಕಿಲುಬು ಉಜ್ಜಿ ತೆಗ್ದಿರ್ತಾರೆ, ಬಣ್ಣ ಹಸಿರಿಂದ ಕಂದಾಗಿರತ್ತೆ. ನನ್ನ ಮೊದಲ ಶೀಟಲ್ಲಿ ಒಂದು ಅಚ್ಚಿಗೆ ನಾಲ್ಕು ನಾಣ್ಯ ಸಿಕ್ತು ಅಂತ ಖುಷಿಯಾಗಿ ಎಲ್ರಿಗೂ ಹೇಳ್ಕೊಂಡು ಓಡಾಡಿದೀನಿ, ಆಮೇಲೆ ನೋಡಿದ್ರೆ ಒಂದರ ತೂಕ 11.92, ಇನ್ನೊಂದರದ್ದು 11.9, ಎರಡಕ್ಕೂ ನಾಲ್ಕು ಗಂಟೆ ದಿಕ್ಕಲ್ಲಿ ಅಂಚಿನ ಮೇಲೆ ಒಂದೇ ತರದ ಸೀಳು. ಒಂದೇ ನಾಣ್ಯ. ನಾಲ್ಕು ಹೋಗಿ ಮೂರಾಯ್ತು.

ಅದಕ್ಕೇ ಮುಖ ನೋಡೋಕೆ ಮುಂಚೆ ಬಿಲ್ಲೆಯ ಹೊರಗೆರೆ ನೋಡಿ. ಅಂಚಿನ ಸೀಳು, ಚಪ್ಪಟೆ ಆಗಿರೋ ಜಾಗ, ಬಿಲ್ಲೆ ಎತ್ತ ವಾಲಿದೆ. ಅಚ್ಚು ಒಂದೇ ಆಗಿರಬಹುದು, ಹೊರಗೆರೆ ಮಾತ್ರ ಎರಡು ನಾಣ್ಯಕ್ಕೆ ಒಂದೇ ಆಗಲ್ಲ.

ಹಂತ 2: ನಕಲಿ, ತಿದ್ದಿದ ನಾಣ್ಯ ಪಕ್ಕಕ್ಕಿಡಿ

ಎರಡು ನಾಣ್ಯದ ಹೊರಗೆರೆ, ಸೀಳು, ಮೇಲ್ಮೈಯ ಸಣ್ಣ ಗುಳಿಗಳೂ ಎಲ್ಲಾ ಒಂದೇ ಆಗಿದ್ದು, ತೂಕ ಮಾತ್ರ ತುಂಬಾ ಬೇರೆ ಇದ್ರೆ, ಅದು ಡಬಲ್ ಫೋಟೋ ಅಲ್ಲ, ಎರಕ ಹೊಯ್ದ ನಕಲು. ಒಂದು ನಿಜವಾದ ನಾಣ್ಯವನ್ನ ಮೆತ್ತನೆ ಮಣ್ಣಿನಂಥದ್ದರಲ್ಲಿ ಒತ್ತಿ, ಆ ಗುಳೀಲಿ ಲೋಹ ಹೊಯ್ದು ಇನ್ನೊಂದು ಮಾಡಿರ್ತಾರೆ. ಅಂಚಲ್ಲಿ ಸುತ್ತ ಒಂದು ಸಣ್ಣ ಗೆರೆ, ಅಥವಾ ಅದನ್ನ ಅರದಿಂದ ಉಜ್ಜಿ ಅಳಿಸಿದ ಗುರುತು ಕಂಡ್ರೆ ಅನುಮಾನ ಇನ್ನೂ ಗಟ್ಟಿ.

ಇನ್ನೊಂದು ಜಾತಿ ಹೊಸ ಅಚ್ಚಲ್ಲಿ ಹೊಡೆದ ನಕಲು. ಅದ್ರಲ್ಲಿ ಹೊರಗೆರೆ ಬೇರೆ ಬೇರೆ ಇರತ್ತೆ, ಹಾಗಾಗಿ ಸುಲಭವಾಗಿ ಮೋಸ ಹೋಗ್ತೀವಿ. ಎಚ್ಚರಿಕೆ ಗಂಟೆ ಯಾವಾಗ ಹೊಡೀಬೇಕು ಅಂದ್ರೆ, ಏಳೆಂಟು ನಾಣ್ಯಕ್ಕೆ ಮುಂಬದಿ ಹಿಂಬದಿ ಎರಡೂ ಅದೇ ಜೋಡಿ, ಯಾವ ನಾಣ್ಯವೂ ಸವೆದಿಲ್ಲ, ಆ ಅಚ್ಚುಗಳು ಬೇರೆ ಯಾವ ಅಚ್ಚಿನ ಜೊತೆಗೂ ಸೇರಿಲ್ಲ, ಹಳೆ ಮ್ಯೂಸಿಯಂ ಸಂಗ್ರಹದಲ್ಲಿ ಒಂದೂ ಇಲ್ಲ. ಇದ್ರಲ್ಲಿ ಒಂದೇ ಒಂದು ಲಕ್ಷಣ ಇದ್ರೆ ಏನೂ ಅಲ್ಲ, ನಾಲ್ಕೂ ಸೇರಿದ್ರೆ ಆ ಗುಂಪನ್ನ ಲೆಕ್ಕದಿಂದ ಹೊರಗಿಡಿ.

ಮೂರನೇದು ನಿಜವಾದ ನಾಣ್ಯವೇ, ಆದ್ರೆ ಯಾರೋ ಸೂಜಿಯಂಥ ಉಳಿ ತಗೊಂಡು ಕೂದಲು, ಗಡ್ಡ, ಅಕ್ಷರ ಎಲ್ಲಾ ಮತ್ತೆ ಕೆತ್ತಿ ಚೂಪು ಮಾಡಿರ್ತಾರೆ. ಕಂಚಲ್ಲಿ ಇದು ವಿಪರೀತ. ಹಿಂಬದಿ ಸವೆದು ಸಪಾಟಾಗಿದೆ ಆದ್ರೆ ಮುಂಬದಿ ಕೂದಲಿನ ಎಳೆ ಎಳೆ ಎಣಿಸ್ಬಹುದು ಅಂದ್ರೆ ಯಾರ್ದೋ ಕೈ ಬಿದ್ದಿದೆ. ಅಂಥಾದ್ದನ್ನ ಬಿಸಾಡ್ಬೇಡಿ, ಬೇರೆ ಪಟ್ಟಿಗೆ ಹಾಕಿ. ಅಕ್ಷರದ ಆಕಾರ ನಂಬೋಕಾಗಲ್ಲ, ಅಕ್ಷರದ ಜಾಗ ಮಾತ್ರ ಸ್ವಲ್ಪ ಮಟ್ಟಿಗೆ ನಂಬಬಹುದು.

ಹಂತ 3: ಎಲ್ಲಾ ಒಂದೇ ಅಳತೆ, ಒಂದೇ ಬೆಳಕು

ಅಗಲ ಗೊತ್ತಿದ್ರೆ ಮೂರು ಪಟ್ಟು ದೊಡ್ಡದು ಮಾಡಿ ಪ್ರಿಂಟ್ ತೆಗೀರಿ, 27 ಮಿಲಿಮೀಟರ್ ನಾಣ್ಯ 81 ಮಿಲಿಮೀಟರ್ ಬರ್ಬೇಕು. ಅಗಲ ಗೊತ್ತಿಲ್ದೆ ಇದ್ರೆ ಬಿಲ್ಲೆಯ ಅಂಚನ್ನ ನಂಬ್ಬೇಡಿ, ತಂದೆ ಮೂಗಿನ ತುದಿಯಿಂದ ಮಗನ ಮೂಗಿನ ತುದಿವರೆಗಿನ ದೂರ ಹಿಡಿದು ಅಳತೆ ಹೊಂದಿಸಿ.

ಬೆಳಕಿಂದೇ ದೊಡ್ಡ ತಲೆನೋವು. ಎಡಗಡೆಯಿಂದ ಬೆಳಕು ಬಿದ್ದ ಫೋಟೋಲಿ ಇರೋ ಮೂಗು, ಬಲಗಡೆ ಬೆಳಕಿನ ಫೋಟೋಲಿ ಬೇರೆ ಮನುಷ್ಯಂದು ಅನ್ಸತ್ತೆ. ನಾಣ್ಯ ಕೈಲಿದ್ರೆ ಲ್ಯಾಂಪನ್ನ ಹತ್ತು ಗಂಟೆ ದಿಕ್ಕಿಂದ ಇಟ್ಟು ಒಂದು, ಎರಡು ಗಂಟೆ ದಿಕ್ಕಿಂದ ಒಂದು ತೆಗೀರಿ. ಬೇರೆಯವರ ಫೋಟೋ ಆದ್ರೆ ಮುಖಭಾವ ನೋಡಿ ತೀರ್ಮಾನ ಮಾಡೋ ಅಭ್ಯಾಸವನ್ನೇ ಬಿಟ್ಬಿಡಿ.

ಹಂತ 4: ಹಿಂಬದಿ ಮುಚ್ಚಿ, ಮುಂಬದಿ ಒರಟಾಗಿ ವಿಂಗಡಿಸಿ

ಪ್ರಿಂಟನ್ನ ಕತ್ತರಿಸಿ ಮುಂಬದಿ ಮಾತ್ರ ಮೇಜಿನ ಮೇಲೆ ಹರಡಿ, ಹಿಂದೆ ನಂಬರ್ ಬರೆದಿರ್ಲಿ. ದೇವರುಗಳೆಲ್ಲಾ ಕವರಲ್ಲಿ.

ಮೊದ್ಲು ಬರಹದ ಮೇಲೆ ಗುಂಪು ಮಾಡಿ. ಈ ನಾಣ್ಯಗಳಲ್ಲಿ ಮ್ಯಾಕ್ರಿನಸ್‌ನ ಕುಲನಾಮ ಓಪೆಲ್ ಅನ್ನೋದನ್ನ ಕೆಲವು ಕಡೆ ಒಂದು ಪೈ ಅಕ್ಷರ, ಕೆಲವು ಕಡೆ ಎರಡು ಪೈ ಹಾಕಿ ಕೆತ್ತಿದಾರೆ. ಮಗನಿಗೆ ಕೊಟ್ಟ ಆಂಟೋನೈನೋಸ್ ಅನ್ನೋ ಹೆಸರು ಸುತ್ತಿನಲ್ಲಿ ಜಾಗ ಸಾಲದೆ ಮುಖಗಳ ಕೆಳಗೆ ಅಡ್ಡ ಸಾಲಿಗೆ ಇಳಿದಿರತ್ತೆ, ಅಲ್ಲಿ ಎಷ್ಟು ಅಕ್ಷರ ಇಳಿದಿದೆ ಅಂತ ಎಣಿಸಿ. ಇಷ್ಟರಲ್ಲೇ 60 ನಾಣ್ಯ ಐದಾರು ಗುಡ್ಡೆ ಆಗತ್ತೆ. ಗ್ರೀಕ್ ಬರಲ್ಲ ಅಂತ ಹೆದರ್ಕೋಬೇಡಿ, 24 ಅಕ್ಷರ ಗುರುತು ಹಿಡಿಯೋಕೆ ಬಂದ್ರೆ ಆಯ್ತು, ವ್ಯಾಕರಣ ಬೇಡ. ಒಂದು ಮಾತ್ರ ಗೊತ್ತಿರ್ಲಿ, ಈ ಕಾಲದ ಸಿಗ್ಮಾ ಅರ್ಧಚಂದ್ರದ ಆಕಾರದಲ್ಲಿ ಇರತ್ತೆ, ಪುಸ್ತಕದಲ್ಲಿ ಕಾಣೋ ಮೂಲೆ ಮೂಲೆ ಸಿಗ್ಮಾ ಹುಡುಕ್ತಾ ಕೂತ್ರೆ ಸಿಗಲ್ಲ.

ಹಂತ 5: ಒಂದೇ ಅಚ್ಚು ಹೌದೋ ಅಲ್ವೋ

ಕೆಲ್ಸ ಇರೋದು ಇಲ್ಲೇ, ಅವಸರ ಮಾಡ್ಬೇಡಿ. ಒಂದು ಸಂಜೆಗೆ ಹತ್ತು ನಾಣ್ಯ ಆದ್ರೆ ಹೆಚ್ಚು.

ಅಚ್ಚನ್ನ ಪ್ರತಿ ಸಲವೂ ಕೈಯಲ್ಲೇ ಕೆತ್ತಬೇಕಿತ್ತು. ಅದೇ ಕೆಲಸಗಾರ ಅದೇ ಮುಖ ಹತ್ತು ಸಲ ಕೆತ್ತಿದ್ರೆ ಹತ್ತೂ ಅಣ್ಣತಮ್ಮಂದಿರ ತರ ಕಾಣ್ತವೆ, ಆದ್ರೆ ಮುಖಕ್ಕೂ ಅಕ್ಷರಕ್ಕೂ ಮಧ್ಯದ ದೂರ ಹತ್ತರಲ್ಲೂ ಬೇರೆ ಇರತ್ತೆ. ಹಾಗಾಗಿ ಮುಖ ಹೋಲತ್ತಾ ಅನ್ನೋ ಪ್ರಶ್ನೆ ಬೇಡ, ಯಾವ ಅಕ್ಷರ ಮುಖದ ಯಾವ ಭಾಗಕ್ಕೆ ನೇರವಾಗಿದೆ ಅಂತ ಕೇಳಿ.

ನಾನು ಮಾಡೋದು ಹೀಗೆ. ಪಾರದರ್ಶಕ ಹಾಳೆ ಪ್ರಿಂಟಿನ ಮೇಲಿಟ್ಟು ತಂದೆ ಮೂಗಿನ ತುದಿಗೆ ಒಂದು ಚುಕ್ಕೆ, ಮಗನ ಮೂಗಿನ ತುದಿಗೆ ಒಂದು ಚುಕ್ಕೆ, ಎರಡನ್ನೂ ಸೇರಿಸಿ ಸ್ಕೇಲಲ್ಲಿ ಗೆರೆ ಎಳೆದು ಎರಡೂ ಕಡೆ ಅಂಚಿನವರೆಗೆ ಮುಂದುವರಿಸ್ತೀನಿ. ಆ ಗೆರೆ ಎಡಕ್ಕೆ ಒಂದು ಅಕ್ಷರವನ್ನ ಕತ್ತರಿಸತ್ತೆ, ಬಲಕ್ಕೆ ಇನ್ನೊಂದನ್ನ. ಬರೀ ಅಕ್ಷರದ ಹೆಸರು ಬರ್ಕೊಂಡ್ರೆ ಸಾಲದು, ಉದಾಹರಣೆಗೆ ಕಪ್ಪಾ (K) ಅಕ್ಷರ ಆದ್ರೆ ಅದರ ನೆಟ್ಟ ಕಂಬಕ್ಕೆ ತಾಗ್ತಾ ಕಾಲಿಗೆ ತಾಗ್ತಾ, ಅಕ್ಷರದ ತಲೆ ಹತ್ರಾನಾ ಬುಡದ ಹತ್ರಾನಾ, ಅದನ್ನೂ ಬರೀರಿ. ಇನ್ನು ಮೂರು ಜಾಗ: ತಂದೆ ತಲೆಯ ಲಾರೆಲ್ ಎಲೆಯ ಕಿರೀಟದಲ್ಲಿ ಮುಂದಿನ ಎಲೆಯ ತುದಿ ಯಾವ ಅಕ್ಷರದ ಕಡೆ ತೋರಿಸ್ತಿದೆ, ಕುತ್ತಿಗೆ ಹಿಂದೆ ಇಳಿಬಿದ್ದ ರಿಬ್ಬನ್ನಿನ ತುದಿ ಯಾವ ಎರಡು ಅಕ್ಷರದ ಸಂದಿಗೆ ಹೋಗಿದೆ, ಎರಡು ತಲೆ ನಡುವಿನ ಖಾಲಿ ಜಾಗದ ನೆತ್ತಿ ಮೇಲೆ ಯಾವ ಅಕ್ಷರ ನಿಂತಿದೆ.

ಅದೇ ಹಾಳೇನ ಇನ್ನೊಂದು ಪ್ರಿಂಟಿನ ಮೇಲಿಡಿ. ನಾಲ್ಕೂ ಜಾಗ ಸರಿಯಾಗಿ ಕೂತ್ರೆ ಒಂದೇ ಅಚ್ಚು. ಮೂರು ಕೂತು ನಾಲ್ಕನೇದು ಸವೆದು ಕಾಣ್ತಿಲ್ಲ ಅಂದ್ರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಒಂದೇ ಒಂದು ಜಾಗ ಖಚಿತವಾಗಿ ತಪ್ಪಿದ್ರೂ ಬೇರೆ ಅಚ್ಚು, ಆದ್ರೆ ಆ ವ್ಯತ್ಯಾಸ ನಿಜವಾಗ್ಲೂ ಅಚ್ಚಿಂದ ಬಂದಿದ್ದಾ ಅಂತ ಮೊದ್ಲು ನೋಡ್ಬೇಕು. ಅಚ್ಚಿಗೆ ಸಂಬಂಧವೇ ಇಲ್ಲದ ಗುರುತುಗಳು ಇವು:

ನಡುಮಧ್ಯದ ಗುಳಿ. ಈ ಪ್ರದೇಶದ ಕಂಚಿನ ನಾಣ್ಯಗಳಲ್ಲಿ ಎರಡೂ ಬದಿ ಮಧ್ಯಕ್ಕೆ ಒಂದು ಸಣ್ಣ ಗುಂಡಿ ಇರತ್ತೆ, ಅದು ಹೊಡೆಯೋಕೆ ಮುಂಚೆ ಬಿಲ್ಲೆ ತಯಾರು ಮಾಡುವಾಗ ಬಿದ್ದಿದ್ದು. ಒಂದರಲ್ಲಿ ಗಲ್ಲದ ಮೇಲಿದೆ ಇನ್ನೊಂದರಲ್ಲಿ ಕಿವಿ ಮೇಲಿದೆ, ಹಾಗಾಗಿ ಬೇರೆ ಅಚ್ಚು ಅಂತ ಬರೆದವರನ್ನ ನೋಡಿದೀನಿ. ಗುಂಡಿ ಬಿಲ್ಲೆ ಜೊತೆ ಬರತ್ತೆ, ಮುಖ ಅಚ್ಚಿನ ಜೊತೆ ಬರತ್ತೆ, ಎರಡಕ್ಕೂ ಹೊಂದಾಣಿಕೆ ಇರಲೇಬೇಕು ಅಂತ ಇಲ್ಲ.

ಎರಡು ಏಟು. ಮೊದಲ ಏಟಿಗೆ ಬಿಲ್ಲೆ ಜರುಗಿ ಎರಡನೇ ಏಟು ಪಕ್ಕಕ್ಕೆ ಬಿದ್ದಿದ್ರೆ ಮೂಗು ಉದ್ದ ಆಗಿರತ್ತೆ, ಅಕ್ಷರ ಎರಡೆರಡು ಆಗಿರತ್ತೆ. ಆ ಭಾಗ ಬಿಟ್ಟು ಎದುರು ಭಾಗದಿಂದ ಅಳೀರಿ.

ಮರುಮುದ್ರೆ ಮತ್ತು ಉಳಿ ಏಟು. ನಾಣ್ಯ ಚಲಾವಣೇಲಿ ಇರುವಾಗ ಮೇಲೆ ಒತ್ತಿದ ಸಣ್ಣ ಮುದ್ರೆ ಅಚ್ಚಿಂದು ಅಲ್ಲ. ಈಗಿನ ಟರ್ಕಿಯ ಕ್ಯಾರಿಯಾ ಪ್ರದೇಶದ ಸ್ಟ್ರಾಟೋನಿಕೇಯಾ ಊರಿಂದು ಒಳ್ಳೆ ಉದಾಹರಣೆ, ರೋಮನ್ ಚಕ್ರವರ್ತಿಗಳಾದ ಕ್ಯಾರಕಲ್ಲಾ ಮತ್ತು ಗೇಟಾ ಅಣ್ಣತಮ್ಮಂದಿರ ಎದುರುಬದುರು ಮುಖ, 211ರ ಕೊನೇಲಿ ಗೇಟಾನ ಕೊಲೆ ಆದ್ಮೇಲೆ ನಾಣ್ಯದ ಮೇಲಿಂದ್ಲೇ ಅವನ ಮುಖ ಕೆತ್ತಿ ತೆಗೆದಿದಾರೆ, ಜೊತೆಗೆ ಮರುಮುದ್ರೇನೂ ಹಾಕಿದಾರೆ. ಅಲ್ಲಿ ಖಾಲಿ ಜಾಗ ನೋಡಿ ಇದು ಬೇರೆ ಅಚ್ಚು ಅಂದ್ರೆ ಕಥೆ ಮುಗೀತು.

ಉಲ್ಟಾ ಅಪಾಯವೂ ಒಂದಿದೆ. ಸವೆದ ಅಚ್ಚನ್ನೇ ಟಂಕಸಾಲೆಯವರು ಮತ್ತೆ ಕೆತ್ತಿ ಚೂಪು ಮಾಡಿರಬಹುದು. ನಾಲ್ಕು ಜಾಗವೂ ಕೂರತ್ತೆ, ಆದ್ರೆ ಕೂದಲಿನ ಗುಂಗುರು ಬೇರೆ ತರ ಅಥವಾ ಒಂದು ಅಕ್ಷರದ ಕೆಳಗೆ ಹಳೆ ಅಕ್ಷರದ ನೆರಳು. ಅದಕ್ಕೆ ಹೊಸ ನಂಬರ್ ಕೊಡದೆ ಹಳೆ ನಂಬರಿಗೇ ಬಾಲ ಸೇರಿಸಿ, ಮುಂ 3ಅ, ಮುಂ 3ಆ ಅಂತ.

ಕಂಪ್ಯೂಟರಿಗೆ ಕೊಟ್ರೆ ಅದೇ ಗುಂಪು ಮಾಡಲ್ವಾ ಅಂತ ಕೇಳ್ತಾರೆ. ಚೆನ್ನಾಗಿರೋ ಬೆಳ್ಳಿ ನಾಣ್ಯಕ್ಕೆ ಪರವಾಗಿಲ್ಲ. ಕಿಲುಬು ಹಿಡಿದು ಅರ್ಧ ಸವೆದ ಕಂಚಿಗೆ ಅದು ಬೆಳಕನ್ನ, ಕಿಲುಬಿನ ಕಲೇನ ಹೋಲಿಸಿ ಗುಂಪು ಮಾಡಿ ಕೊಡತ್ತೆ, ಕೊನೇಗೆ ನೀವೇ ಕೂತು ಮತ್ತೆ ನೋಡ್ಬೇಕು.

ಹಂತ 6: ಈಗ ಹಿಂಬದಿ, ಆಮೇಲೆ ಸರಪಳಿ

ಮುಂಬದಿ ಅಚ್ಚುಗಳಿಗೆ ಮುಂ 1, ಮುಂ 2 ಅಂತ ಹೆಸರು ಬಿದ್ದ ಮೇಲೆ ಕವರಿಂದ ದೇವರುಗಳನ್ನ ತೆಗೀರಿ. ಇಲ್ಲಿ ಮಾತ್ರ ದೇವರ ಪ್ರಕಾರ ಗುಡ್ಡೆ ಹಾಕಬಹುದು, ಯಾಕಂದ್ರೆ ಹರ್ಮಿಸ್ ಅಚ್ಚು ಹೇರಾ ಅಚ್ಚು ಆಗೋಕೆ ಸಾಧ್ಯ ಇಲ್ಲ. ಊರಿನ ಹೆಸರಿನ ಕಾಗುಣಿತ ನೋಡಿ, ಕೊನೆ ಭಾಗದಲ್ಲಿ ಒಂದು ಕಡೆ ಬರೀ ಅಯೋಟಾ (I), ಇನ್ನೊಂದು ಕಡೆ ಎಪ್ಸಿಲಾನ್ ಅಯೋಟಾ ಎರಡೂ ಇರತ್ತೆ. ಬೆಲೆಯ ಎಪ್ಸಿಲಾನ್ ಎಡಗಡೆ ಇದೆಯಾ ಬಲಗಡೆನಾ, ಕೆಲವು ಸಲ ಕನ್ನಡಿ ಬಿಂಬದ ತರ ಉಲ್ಟಾ ಕೆತ್ತಿರ್ತಾರೆ ಅದೂ ಗುರುತು. ಆಮೇಲೆ ಅದೇ ಗೆರೆ ಎಳೆಯೋ ಕೆಲ್ಸ, ಮೂಗಿನ ಬದಲು ಕೋಲಿನ ತುದಿ, ಮೊಣಕೈ, ಪಾದ.

ಈಗ ಒಂದು ದೊಡ್ಡ ಹಾಳೇಲಿ ಎಡಕ್ಕೆ ಮುಂಬದಿ ನಂಬರ್, ಬಲಕ್ಕೆ ಹಿಂಬದಿ ನಂಬರ್ ಬರೆದು ಒಂದೊಂದು ನಾಣ್ಯಕ್ಕೆ ಒಂದೊಂದು ಗೆರೆ ಎಳೀರಿ. ಮುಂ 1 ಹರ್ಮಿಸ್ ಅಚ್ಚಿಗೂ ಹೇರಾ ಅಚ್ಚಿಗೂ ಹೋಗತ್ತೆ, ಅದೇ ಹೇರಾ ಅಚ್ಚು ಮುಂ 2ಕ್ಕೂ ಸೇರತ್ತೆ, ಅಲ್ಲಿಂದ ಹಾವಿಗೆ. ಒಂದಕ್ಕೊಂದು ಸೇರ್ತಾ ಹೋದ ಗುಂಪು ಹೆಚ್ಚುಕಮ್ಮಿ ಒಂದೇ ಟಂಕಸಾಲೇಲಿ ಒಂದೇ ಹೊತ್ತಲ್ಲಿ ಆಗಿರೋ ಕೆಲ್ಸ.

ಹಂತ 7: ಯಾವ್ದು ಮೊದ್ಲು ಯಾವ್ದು ಆಮೇಲೆ

ಅಚ್ಚಲ್ಲಿ ಬಿರುಕು ಬಿಟ್ರೆ ನಾಣ್ಯದ ಮೇಲೆ ಉಬ್ಬಿದ ಗೆರೆ ಬರತ್ತೆ, ಲೋಹ ಬಿರುಕಿನೊಳಗೆ ತುಂಬ್ಕೊಳ್ಳೋದ್ರಿಂದ. ನಾಣ್ಯಕ್ಕೇ ಆದ ಗೀರು ತಗ್ಗಾಗಿರತ್ತೆ. ಉಬ್ಬಿದ್ದು ಅಚ್ಚಿಂದು, ತಗ್ಗಿದ್ದು ನಾಣ್ಯದ್ದು, ಇದನ್ನ ಉಲ್ಟಾ ಹಿಡ್ಕೊಂಡವರೇ ಜಾಸ್ತಿ. ಫೋಟೋದಲ್ಲಿ ಉಬ್ಬೋ ತಗ್ಗೋ ಗೊತ್ತಾಗ್ಲಿಲ್ಲ ಅಂದ್ರೆ ಪಕ್ಕದ ಮೂಗಿನ ನೆರಳು ಯಾವ ಕಡೆ ಬಿದ್ದಿದೆ ನೋಡಿ, ಗೆರೆಯ ನೆರಳೂ ಅದೇ ಕಡೆ ಇದ್ರೆ ಉಬ್ಬು.

ಬಿರುಕು ಬೆಳೆಯತ್ತೆ, ಕಮ್ಮಿ ಆಗಲ್ಲ. ಹಾಗಾಗಿ ಮುಂ 4 ಹರ್ಮಿಸ್ ಜೊತೆ ಇದ್ದಾಗ ಬಿರುಕಿಲ್ಲ, ಅದೃಷ್ಟದೇವತೆ ಟೈಖಿ ಜೊತೆ ಇದ್ದಾಗ ಸಣ್ಣ ಗೆರೆ, ಅಪೋಲೋ ಜೊತೆ ಇದ್ದಾಗ ಮಗನ ಗಲ್ಲದ ಮೇಲೆ ಗಂಟು ಅಂದ್ರೆ ಸಾಲು ಸಿಕ್ತು. ಸವಕಳಿ ನೋಡಿ ಸಾಲು ಮಾಡ್ಬೇಡಿ, ನಾಣ್ಯ ಜೇಬಲ್ಲಿ ಸವೆದಿದ್ದೂ ಅಚ್ಚು ಸವೆದಿದ್ದೂ ಫೋಟೋದಲ್ಲಿ ಒಂದೇ ತರ ಕಾಣತ್ತೆ.

ಹಂತ 8: ಊರಿನ ಗಡಿ ದಾಟಿ

ಏಷ್ಯಾ ಮೈನರ್ ಕಡೆ, ಅಂದ್ರೆ ಈಗಿನ ಟರ್ಕಿಯ ಊರುಗಳ ನಾಣ್ಯ ತಗೊಂಡ್ರೆ ಈ ಹಂತ ಬಿಡೋ ಹಾಗೇ ಇಲ್ಲ. ಮೂರನೇ ಶತಮಾನದಲ್ಲಿ, ಚಕ್ರವರ್ತಿ ಮೂರನೇ ಗಾರ್ಡಿಯನ್ ಕಾಲದ ಸುತ್ತಮುತ್ತ, ಒಂದೇ ಚಕ್ರವರ್ತಿ ಮುಖದ ಅಚ್ಚನ್ನ ಅಕ್ಕಪಕ್ಕದ ಬೇರೆ ಬೇರೆ ಊರುಗಳು ಬಳಸಿದಾವೆ, ಹಿಂಬದಿ ಮಾತ್ರ ಆಯಾ ಊರಿಂದು. ಜರ್ಮನಿಯ ವಿದ್ವಾಂಸ ಕೊನ್ರಾಡ್ ಕ್ರಾಫ್ಟ್ 1972ರಲ್ಲಿ ಹೊರಬಂದ ತಮ್ಮ ಪುಸ್ತಕದಲ್ಲಿ ಇಂಥ ಕೊಂಡಿಗಳನ್ನ ರಾಶಿ ರಾಶಿ ಹಾಕಿ ತೋರಿಸಿದ್ರು, ಹಲವು ಊರುಗಳಿಗೆ ಒಂದೇ ಕಾರ್ಯಾಗಾರ ಕೆಲ್ಸ ಮಾಡ್ತಿತ್ತು ಅಂತ. ಅಚ್ಚು ಒಂದು ಊರಿಂದ ಇನ್ನೊಂದಕ್ಕೆ ಹೋಗ್ತಿತ್ತಾ, ಇಲ್ಲಾ ಬಿಲ್ಲೆ ಹೊಡೆದು ಕಳಿಸ್ತಿದ್ರಾ, ಕೆಲಸಗಾರರೇ ಓಡಾಡ್ತಿದ್ರಾ ಅಂತ ವಿದ್ವಾಂಸರು ಇನ್ನೂ ಜಗಳ ಆಡ್ತಾರೆ, ನಮಗೆ ಅದು ಬೇಡ. ಕೆಲ್ಸದ ಮಟ್ಟಿಗೆ ಹೇಳೋದಾದ್ರೆ, ಮುಂಬದಿ ಗುಡ್ಡೆ ಹಾಕುವಾಗ ಸುತ್ತಲಿನ ನಾಲ್ಕೈದು ಊರಿನ ಅದೇ ಅಳತೆ ನಾಣ್ಯಗಳನ್ನೂ ಬೆರೆಸಿ, ಊರಿನ ಹೆಸರೂ ಹಿಂಬದಿ ಜೊತೆ ಕವರಲ್ಲೇ ಇರ್ಲಿ.

ಹಂತ 9: ಎಣಿಕೆ

ಮೂರು ಸಂಖ್ಯೆ ಬೇಕು: ಒಟ್ಟು ನಾಣ್ಯ, ಒಟ್ಟು ಅಚ್ಚು, ಒಂದೇ ಒಂದು ನಾಣ್ಯದಲ್ಲಿ ಮಾತ್ರ ಕಂಡ ಅಚ್ಚು. ಲೆಕ್ಕಕ್ಕೋಸ್ಕರ 60 ನಾಣ್ಯ, 15 ಮುಂಬದಿ ಅಚ್ಚು, ಅದ್ರಲ್ಲಿ ಒಂಟಿ 6 ಅಂತ ಇಟ್ಕೊಳ್ಳಿ. ಒಂಟಿಯನ್ನ ನಾಣ್ಯದಿಂದ ಭಾಗಿಸಿ ಒಂದರಿಂದ ಕಳೀರಿ, 6ನ್ನ 60ರಿಂದ ಭಾಗಿಸಿದ್ರೆ 0.10, ಕಳೆದ್ರೆ 0.90. ಆಗ ಹೊಡೆದ ಒಟ್ಟು ನಾಣ್ಯಗಳಲ್ಲಿ ಸುಮಾರು ಶೇ. 90ರಷ್ಟು ನಿಮ್ಮ ಪಟ್ಟಿಯಲ್ಲಿರೋ ಅಚ್ಚುಗಳಿಂದಲೇ ಬಂದಿದ್ದು ಅಂತ ಅರ್ಥ. ಮೂಲದಲ್ಲಿ ಎಷ್ಟು ಅಚ್ಚಿದ್ವು ಅನ್ನೋಕೆ ಸುಲಭದ ಸೂತ್ರ: ನಾಣ್ಯ ಗುಣಿಸು ಅಚ್ಚು, ಅದನ್ನ ನಾಣ್ಯ ಕಳೆ ಅಚ್ಚಿನಿಂದ ಭಾಗಿಸಿ. 900ನ್ನ 45ರಿಂದ ಭಾಗಿಸಿದ್ರೆ 20.

ಅದೇ 60 ನಾಣ್ಯಕ್ಕೆ ಹಿಂಬದಿ ಅಚ್ಚು 40, ಒಂಟಿ 28 ಬಂತು ಅಂದ್ರೆ ಉತ್ತರ 120, ಆದ್ರೆ ಪಟ್ಟಿಯ ವ್ಯಾಪ್ತಿ ಶೇ. 53 ಅಷ್ಟೇ, ಆ 120ನ್ನ ಯಾರಿಗೂ ಹೇಳ್ಬೇಡಿ. ಇನ್ನೂ ಫೋಟೋ ಸೇರಿಸ್ಬೇಕು ಅಂತ ಅರ್ಥ. ಒಂಟಿ ಅಚ್ಚುಗಳು ಜಾಸ್ತಿ ಬಂದ್ರೆ ಮೊದ್ಲು ಹಂತ 5ಕ್ಕೆ ವಾಪಸ್ ಹೋಗಿ ನೋಡಿ, ಎಷ್ಟೋ ಸಲ ಅವು ಬೆಳಕು ಬೇರೆ ಬಿದ್ದಿದ್ದಕ್ಕೆ ಒಂಟಿ ಆಗಿರ್ತವೆ.

ಇನ್ನೊಂದು, ಒಂದು ಅಚ್ಚಿಗೆ 10 ಸಾವಿರ ನಾಣ್ಯ, 20 ಸಾವಿರ, 30 ಸಾವಿರ ಅಂತ ಗುಣಿಸಿ ಊರಿನ ಒಟ್ಟು ಹಣ ಹೇಳೋ ಚಪಲ ಬರತ್ತೆ. ಒಂದು ಅಚ್ಚು ಮೊದಲ ದಿನವೇ ಒಡೆದಿರಬಹುದು, ಇನ್ನೊಂದು ತಿಂಗಳುಗಟ್ಟಲೆ ಬಾಳಿರಬಹುದು. ಶೀಟಲ್ಲಿ ಆ ಕಾಲಮ್ಮೇ ಇಡ್ಬೇಡಿ. ಅದರ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ ನಾಣ್ಯಗಳ ನಂಬರ್ ಬರ್ದಿಡಿ, ಮುಂದಿನ ಹರಾಜಲ್ಲಿ ಅದೇ ಅಚ್ಚಿನ ಚೆನ್ನಾಗಿರೋ ನಾಣ್ಯ ಬಂದ ದಿನ ಮೊದ್ಲು ತೆಗೆದು ನೋಡ್ಬೇಕಾಗಿರೋದು ಆ ಪಟ್ಟೀನೇ.